ಎಸಿ ಹಾಕಿದರೆ ಕಾರಿನೊಳಗೇ ನೀರು: ಎಡಗಡೆಯ ಕಾರ್ಪೆಟ್ ನೆನೆಯುವುದೇಕೆ?

ಅಂತರಗಂಗೆ_ತಪ್ಪಲು (ಕೋಲಾರ):
ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಬೇಸಿಗೆಯಿಡೀ ಎಸಿ ಹಾಕಿಕೊಂಡೇ ಓಡಾಡಿದೆವು, ಯಾವ ತೊಂದರೆಯೂ ಕಾಣಲಿಲ್ಲ. ಕಳೆದ ವಾರ ಮದುವೆಗೆಂದು ಮಂಗಳೂರಿಗೆ ಹೊರಟವರು ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟುವ ಹೊತ್ತಿಗೆ, ಮುಂದೆ ಎಡಗಡೆ ಕುಳಿತಿದ್ದ ಅಮ್ಮ ಕಾಲು ಒದ್ದೆಯಾಗುತ್ತಿದೆ ಎಂದರು. ಅಂದು ದಾರಿಯಲ್ಲಿ ಎಲ್ಲಿಯೂ ಮಳೆ ಇರಲಿಲ್ಲ. ಬಲಕ್ಕೆ ತಿರುಗಿದಾಗಲೆಲ್ಲ ಡ್ಯಾಶ್‌ಬೋರ್ಡಿನ ಕೆಳಗಿನಿಂದ ನೀರು ಚೆಲ್ಲುತ್ತಿತ್ತು, ಒಳಗೆ ಗುಳುಗುಳು ಸದ್ದೂ ಕೇಳುತ್ತಿತ್ತು.

ಊರಿಗೆ ಬಂದು ಗ್ಯಾರೇಜೊಂದರಲ್ಲಿ ತೋರಿಸಿದಾಗ, ಗ್ಯಾಸ್ ಸೋರಿ ನೀರಾಗುತ್ತಿದೆ, ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಬದಲಾಯಿಸಬೇಕು ಎಂದು ಹೇಳಿ, ಕೇಳಿದರೆ ಎದೆ ಒಡೆಯುವಂಥ ಮೊತ್ತವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಎಸಿ ಮಾತ್ರ ಇಂದಿಗೂ ಚೆನ್ನಾಗಿಯೇ ತಂಪು ಮಾಡುತ್ತಿದೆ. ಇದು ನಿಜವಾಗಿ ಕಾಯಿಲ್ ಕೆಟ್ಟಿರುವ ಲಕ್ಷಣವೇ? ತಿಳಿದವರು ದಯವಿಟ್ಟು ಹೇಳಿ.

ಶಿರಾಗೇಟ್_ಸವಾರ (ತುಮಕೂರು):
ಎಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ ಎಂದು ಮೊದಲು ನೋಡಿ. ಅದನ್ನು ನೋಡದೆ ಯಾರಿಗೂ ಡ್ಯಾಶ್‌ಬೋರ್ಡ್ ಬಿಚ್ಚಲು ಬಿಡಬೇಡಿ.

ಟಮಕ_ಕೂಲಿಂಗ್ (ಕೋಲಾರ):
ವಾಹನಗಳ ಎಸಿ ರಿಪೇರಿಯೇ ನನ್ನ ಕಸುಬಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗ್ಯಾಸ್ ಸೋರಿ ನೀರಾಗುತ್ತದೆ ಎಂಬುದು ಶುದ್ಧ ತಪ್ಪು. ನಿಮ್ಮ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ ಎಂಬ ಅನಿಲ. ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುವುದರಿಂದ, ಸೋರಿದರೆ ಗಾಳಿಯಲ್ಲಿ ಬೆರೆತು ಹೋಗುತ್ತದೆಯೇ ಹೊರತು ಕಾರ್ಪೆಟ್ ಮೇಲೆ ಮಡುಗಟ್ಟುವುದಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ತಂಪೂ ಕಡಿಮೆಯಾಗಬೇಕಿತ್ತು, ನಿಮಗೆ ಹಾಗಾಗಿಲ್ಲ.

ನೀರು ಬರುವುದು ಗಾಳಿಯಿಂದ. ಡ್ಯಾಶ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಕೂಲಿಂಗ್ ಕಾಯಿಲ್ ಇರುತ್ತದೆ. ಬ್ಲೋವರ್ ತಳ್ಳಿದ ಗಾಳಿ ಆ ತಣ್ಣನೆಯ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹಾದುಹೋಗುವಾಗ ಅದರಲ್ಲಿರುವ ತೇವವು ಹನಿಗಟ್ಟಿ ಪೆಟ್ಟಿಗೆಯ ತಳಕ್ಕೆ ಇಳಿಯುತ್ತದೆ. ಅಲ್ಲಿಂದ ಬೆರಳು ಗಾತ್ರದ ರಬ್ಬರ್ ಟ್ಯೂಬು ಎಂಜಿನ್ ಕಡೆಯ ತಗಡಿನ ಗೋಡೆಯನ್ನೋ ಕಾರಿನ ತಳವನ್ನೋ ತೂರಿಕೊಂಡು ಹೊರಗೆ ಬಂದು ನೀರನ್ನು ರಸ್ತೆಗೆ ಬಿಡುತ್ತದೆ. ಆ ಟ್ಯೂಬಿನಲ್ಲಿ ಧೂಳು, ತರಗೆಲೆಯ ಪುಡಿ ಮತ್ತು ಪಾಚಿಯಂಥ ಲೋಳೆ ಕಟ್ಟಿಕೊಂಡರೆ ಪೆಟ್ಟಿಗೆ ತುಂಬುತ್ತದೆ, ತುಂಬಿದ್ದು ಕಾಲ ಬಳಿ ಚೆಲ್ಲುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರುಗಳಲ್ಲಿ ಪೆಟ್ಟಿಗೆ ಎಡಭಾಗಕ್ಕೋ ನಡುವಿಗೋ ಇರುವುದರಿಂದ ಮೊದಲು ನೆನೆಯುವುದು ಎಡಗಡೆ ಕುಳಿತವರ ಕಾಲೇ. ನೀವು ಹೇಳಿದ ಗುಳುಗುಳು ಸದ್ದು ಅದೇ ತುಂಬಿದ ಪೆಟ್ಟಿಗೆಯದು. ಅದನ್ನು ಕೇಳಿಯೂ ಕಾಯಿಲ್ ಬದಲಾಯಿಸಿ ಎಂದವರ ಬಳಿಗೆ ಮತ್ತೆ ಹೋಗಬೇಡಿ.

ಪಾವಗಡ_ಬಿಸಿಲು:
ಶಿರಾಗೇಟ್ ಅವರ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನವಿಡೀ ಎಸಿ ಓಡಿಸಿದರೂ ಕಾರಿನ ಕೆಳಗೆ ಹನಿ ಬೀಳುವುದು ಅಪರೂಪ, ಟ್ಯೂಬು ಮಾತ್ರ ಸರಿಯಾಗಿಯೇ ಇರುತ್ತದೆ. ಕೆಳಗೆ ನೀರಿಲ್ಲವೆಂದ ಮಾತ್ರಕ್ಕೆ ಕಟ್ಟಿಕೊಂಡಿದೆ ಎಂದು ತೀರ್ಮಾನಿಸಿದರೆ ಪಾವಗಡದ ಕಾರುಗಳೆಲ್ಲ ಗ್ಯಾರೇಜಿನಲ್ಲೇ ಇರಬೇಕಾಗುತ್ತದೆ.

ಚಿಂತಾಮಣಿ_ಮೇಷ್ಟ್ರು:
ಪಾವಗಡದವರು ಹೇಳಿದ್ದು ಸರಿ, ಕೋಲಾರದವರ ಕಾರು ಬೇಸಿಗೆಯಲ್ಲಿ ಸುಮ್ಮನಿದ್ದು ಘಾಟಿ ಇಳಿದ ಕೂಡಲೇ ಸೋರಿದ್ದಕ್ಕೆ ಕಾರಣವೂ ಅದೇ. ಸ್ಥೂಲವಾಗಿ ಲೆಕ್ಕ ಹಾಕಿ. 35 ಡಿಗ್ರಿ ಬಿಸಿಲಿನಲ್ಲಿ ಸಾಪೇಕ್ಷ ತೇವಾಂಶ ಶೇಕಡಾ 25 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಾವಿ ಇರುತ್ತದೆ. ಕರಾವಳಿಯಲ್ಲಿ 30 ಡಿಗ್ರಿ ಸೆಕೆಯಲ್ಲಿ ತೇವಾಂಶ ಶೇಕಡಾ 80 ಇದ್ದರೆ ಅದು 24 ಗ್ರಾಂ ಆಗುತ್ತದೆ. 5 ಡಿಗ್ರಿಗೆ ತಣಿದ ಗಾಳಿಯು ಹಿಡಿದಿಟ್ಟುಕೊಳ್ಳಬಲ್ಲುದು ಹೆಚ್ಚೆಂದರೆ 7 ಗ್ರಾಂ. ಎಂದರೆ ನಮ್ಮ ಬಯಲುಸೀಮೆಯ ಒಣ ಗಾಳಿ ಕಾಯಿಲ್ ಮೇಲೆ ಬಿಟ್ಟುಹೋಗುವುದು ಘನ ಮೀಟರಿಗೆ 3 ಗ್ರಾಂ, ಮಂಗಳೂರಿನ ಗಾಳಿ ಬಿಟ್ಟುಹೋಗುವುದು 17 ಗ್ರಾಂ. ಅರ್ಧ ಕಟ್ಟಿಕೊಂಡ ಟ್ಯೂಬು 3 ಗ್ರಾಮಿನ ಲೆಕ್ಕದಲ್ಲಿ ಬಂದ ನೀರನ್ನು ಹೇಗೋ ಜಿನುಗಿಸಿಬಿಡುತ್ತದೆ, ಐದು ಪಟ್ಟು ಹೆಚ್ಚಾದಾಗ ಸೋಲುತ್ತದೆ.

ಆದ್ದರಿಂದ ಕೆಳಗೆ ನೀರು ಬೀಳುತ್ತದೆಯೇ ಎಂಬ ಪರೀಕ್ಷೆಯನ್ನು ಮಳೆಗಾಲದ ಮೋಡ ಕವಿದ ದಿನವೇ ಮಾಡಬೇಕು, ಬೇಸಿಗೆಯಲ್ಲಿ ಮಾಡಿದರೆ ಅದಕ್ಕೆ ಬೆಲೆ ಇಲ್ಲ.

ಶಿರಾಗೇಟ್_ಸವಾರ:
ತಿದ್ದುಪಡಿಯನ್ನು ಒಪ್ಪಿದ್ದೇನೆ. ಆದರೆ ಒಳಗೆ ನೀರು ಚೆಲ್ಲುತ್ತಿದ್ದು ಹೊರಗೆ ಹನಿಯೂ ಇಲ್ಲದಿದ್ದರೆ ಅದಕ್ಕೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ ಎಂಬುದನ್ನು ಪಾವಗಡದವರೂ ಒಪ್ಪಬೇಕು.

ಮಾವಿನ_ನೆರಳು (ಶ್ರೀನಿವಾಸಪುರ):
ಎಲ್ಲರೂ ಎಸಿಯ ಹಿಂದೆಯೇ ಬಿದ್ದಿದ್ದೀರಿ. ಮಳೆನೀರೂ ಅದೇ ಜಾಗಕ್ಕೆ ಬರಬಹುದು. ವೈಪರ್‌ಗಳ ಕೆಳಗೆ, ಮುಂಗಾಜಿನ ಬುಡದಲ್ಲಿ, ಜಾಲರಿ ಹೊದಿಸಿದ ಕಾಲುವೆಯಂಥ ಜಾಗವೊಂದಿದೆ. ಗಾಜಿನ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು ಎರಡೂ ಬದಿಯ ತೂತುಗಳಿಂದ ಹೊರಗೆ ಹೋಗುತ್ತದೆ, ಬ್ಲೋವರ್ ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ನಮ್ಮ ಊರಿನಲ್ಲಿ ಮಾವಿನ ಮರದಡಿ ಕಾರು ನಿಲ್ಲಿಸುವವರಿಗೆ ಹೂವಿನ ಕಾಲದಲ್ಲಿ ಉದುರುವ ಹೂಪುಡಿಯೂ ಜಿಗಿಹುಳುವಿನ ಅಂಟೂ ಸೇರಿ ಆ ತೂತುಗಳನ್ನು ಗಾರೆ ಹಾಕಿದಂತೆ ಮುಚ್ಚಿಬಿಡುತ್ತವೆ. ಹುಣಸೆ ಎಲೆಯಂತೂ ಜಾಲರಿಯ ಯಾವ ಕಿಂಡಿಯಲ್ಲಿ ಬೇಕಾದರೂ ನುಸುಳುತ್ತದೆ. ಮೊದಲ ಮುಂಗಾರು ಮಳೆಗೆ ನೀರು ಬ್ಲೋವರಿನ ಮೂಲಕ ಒಳಗೆ ಬಂದಾಗ ಎಲ್ಲರೂ ಎಸಿಯನ್ನು ಬೈಯುತ್ತಾರೆ.

ಟಮಕ_ಕೂಲಿಂಗ್:
ಒಪ್ಪತಕ್ಕ ಮಾತು, ಆದರೆ ಕೇಳಿದವರು ಮಳೆ ಇರಲಿಲ್ಲ ಎಂದು ಬರೆದಿದ್ದಾರೆ. ಎರಡನ್ನೂ ಬೇರ್ಪಡಿಸುವುದು ಸುಲಭ. ಎಸಿ ಹಾಕದೆ ಮುಂಗಾಜಿನ ಬುಡಕ್ಕೆ ಒಂದು ಬಕೆಟ್ ನೀರನ್ನು ನಿಧಾನವಾಗಿ ಹುಯ್ದು ಒಳಗೆ ಒದ್ದೆಯಾದರೆ ಅದು ಮಳೆನೀರಿನ ದಾರಿ. ಮಳೆ ಇಲ್ಲದ ದಿನ ಅರ್ಧ ಗಂಟೆ ಎಸಿ ಓಡಿಸಿದಾಗ ಒದ್ದೆಯಾದರೆ ಅದು ಎಸಿ ಟ್ಯೂಬು.

ಮೂರನೆಯದೊಂದು ಇದೆ, ಅದನ್ನು ಅಲಕ್ಷಿಸಬಾರದು. ಹೀಟರಿಗೆ ಹೋಗುವ ಕೂಲೆಂಟ್, ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಸೋರಿದರೂ ಅದೇ ಕಾರ್ಪೆಟ್ ನೆನೆಯುತ್ತದೆ. ಬಿಳಿಯ ಕಾಗದದ ಮೇಲೆ ಒತ್ತಿ ನೋಡಿ: ಹಸಿರೋ ಗುಲಾಬಿಯೋ ಬಣ್ಣವಿದ್ದು, ಬೆರಳಿಗೆ ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಮುಂಗಾಜಿನ ಒಳಭಾಗದಲ್ಲಿ ಒರೆಸಿದರೂ ಹೋಗದ ಜಿಡ್ಡು ಮಂಜು ಕಟ್ಟುವುದೂ ಅದರ ಗುರುತು. ಕೂಲೆಂಟ್ ವಿಷ, ರುಚಿ ನೋಡಲು ಹೋಗಬೇಡಿ, ಮಕ್ಕಳನ್ನೂ ನಾಯಿಯನ್ನೂ ಅದರಿಂದ ದೂರವಿಡಿ. ಅಂಥ ಕಾರನ್ನು ಓಡಿಸಿದರೆ ಎಂಜಿನ್ ಕಾಯ್ದು ಕೆಡುತ್ತದೆ.

ಅಂತರಗಂಗೆ_ತಪ್ಪಲು:
ಎಲ್ಲರಿಗೂ ಧನ್ಯವಾದ. ಕಾಗದದ ಮೇಲೆ ಬಣ್ಣವಿಲ್ಲ, ಜಿಡ್ಡಿಲ್ಲ, ಕೂಲೆಂಟ್ ಡಬ್ಬಿಯ ಮಟ್ಟವೂ ಇಳಿದಿಲ್ಲ. ಎಸಿ ಹಾಕಿ ನಿಲ್ಲಿಸಿದಾಗ ಕೆಳಗೆ ಹನಿ ಇಲ್ಲ, ಒಳಗೆ ಮಾತ್ರ ಒರತೆ. ಟ್ಯೂಬನ್ನು ಶುಚಿ ಮಾಡುವುದು ಹೇಗೆ? ಸೈಕಲ್ ಕಡ್ಡಿ ಹಾಕಿ ತಿವಿದರೆ ಸಾಕೆಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ವೇಮಗಲ್_ಗ್ಯಾರೇಜು:
ಸೈಕಲ್ ಕಡ್ಡಿಯನ್ನು ಮುಟ್ಟಲೇಬೇಡಿ! ಟ್ಯೂಬಿನ ಇನ್ನೊಂದು ತುದಿಗೆ ಸ್ವಲ್ಪವೇ ದೂರದಲ್ಲಿ ಕಾಯಿಲ್ ಇರುತ್ತದೆ, ಅದರ ಅಲ್ಯೂಮಿನಿಯಂ ತುಂಬ ತೆಳು. ಒಂದು ತೂತು ಬಿದ್ದರೆ ಇಲ್ಲದ ಗ್ಯಾಸ್ ಲೀಕನ್ನು ನೀವೇ ಮಾಡಿಕೊಂಡಂತೆ ಆಗುತ್ತದೆ, ಆಗ ಚೀಟಿಯಲ್ಲಿ ಬರೆದ ಮೊತ್ತವನ್ನು ನಿಜವಾಗಿಯೂ ಕೊಡಬೇಕಾಗುತ್ತದೆ.

ಬಾಗೇಪಲ್ಲಿ_ಹೆದ್ದಾರಿ:
ಪಂಕ್ಚರ್ ಅಂಗಡಿಗೆ ಹೋಗಿ ಕೆಳಗಿನಿಂದ ಒಮ್ಮೆ ಗಾಳಿ ಹೊಡೆಸಿದರೆ ಕೆಲಸ ಮುಗಿಯಿತು. ಇಷ್ಟಕ್ಕೆ ಇಷ್ಟು ಚರ್ಚೆ ಏಕೆ?

ವೇಮಗಲ್_ಗ್ಯಾರೇಜು:
ಏಕೆಂದರೆ ಹಾಗೆ ಗಾಳಿ ಹೊಡೆಸಿಕೊಂಡು ಬಂದ ಕಾರುಗಳು ಆಮೇಲೆ ನನ್ನ ಬಳಿಗೆ ಬರುತ್ತವೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಪೂರ್ತಿ ಒತ್ತಡವನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟರೆ ಕೊಳೆಯು ಪೆಟ್ಟಿಗೆಯೊಳಕ್ಕೇ ಹಿಂತಿರುಗುತ್ತದೆ, ಮತ್ತೆ ಕೆಲವೇ ದಿನಗಳಲ್ಲಿ ಬಂದು ಅಡ್ಡ ಕೂರುತ್ತದೆ. ನೀರು ಬ್ಲೋವರಿನ ಕಡೆಗೆ ಚಿಮ್ಮಬಹುದು. ಇನ್ನೂ ಕೆಟ್ಟದ್ದೆಂದರೆ, ಪೆಟ್ಟಿಗೆಯ ಮೂತಿಯಿಂದ ಟ್ಯೂಬೇ ಒಳಗಡೆ ಕಳಚಿಕೊಂಡರೆ, ಕಟ್ಟಿಕೊಳ್ಳದೆಯೂ ನೀರೆಲ್ಲ ಕಾರ್ಪೆಟ್ ಮೇಲೆ ಬೀಳುತ್ತದೆ.

ತಳ್ಳುವುದಕ್ಕಿಂತ ಎಳೆಯುವುದು ಒಳ್ಳೆಯದು. ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಯಂತ್ರದ ಮೂತಿಯನ್ನು ಟ್ಯೂಬಿನ ಹೊರತುದಿಗೆ ಹಿಡಿದು, ಸುತ್ತ ಹಳೆಯ ಬಟ್ಟೆ ಒತ್ತಿ ಎಳೆದರೆ ಲೋಳೆಯ ಸಮೇತ ಹೊರಗೆ ಬರುತ್ತದೆ. ಆ ಯಂತ್ರ ವಾಟರ್ ಸರ್ವಿಸ್ ಮಾಡುವವರಲ್ಲಿ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ, ತೋಟದಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರದ ತುದಿಯನ್ನು ಬೆಂಕಿಯಲ್ಲಿ ಸ್ವಲ್ಪ ಕರಗಿಸಿ ಉರುಟು ಮಾಡಿಕೊಂಡು, ಕೈಯಲ್ಲಿ ತಿರುಗಿಸುತ್ತ ಮೆಲ್ಲಗೆ ತೂರಿಸಿ. ಟ್ಯೂಬಿನ ಉದ್ದ ದಾಟಿದ ಮೇಲೆ ಒಳಗೆ ತಳ್ಳಬಾರದು. ಎಲ್ ಆಕಾರದ ರಬ್ಬರ್ ತುಂಡಾಗಿದ್ದರೆ ಅದನ್ನೇ ಕಳಚಿ, ತೊಳೆದು ಹಾಕುವುದು ಎಲ್ಲಕ್ಕಿಂತ ಸುಲಭ. ತೆರೆದುಕೊಂಡ ಕ್ಷಣ ಕೊಳಕು ನೀರು ಮುಖಕ್ಕೇ ಬೀಳುವುದರಿಂದ ಬಾಯಿ ಮುಚ್ಚಿಕೊಂಡು, ಕನ್ನಡಕ ಹಾಕಿಕೊಂಡು ಕೆಲಸ ಮಾಡಿ.

ಬಾಗೇಪಲ್ಲಿ_ಹೆದ್ದಾರಿ:
ಗಾಳಿಯ ಒತ್ತಡವನ್ನು ಇಳಿಸಿಕೊಂಡು, ದೂರದಿಂದ ಹಿಡಿದು ಹೊಡೆದರೆ ನೀವು ಹೇಳಿದ ಯಾವ ಅನಾಹುತವೂ ಆಗುವುದಿಲ್ಲ. ಹೆದ್ದಾರಿಯ ಪಕ್ಕದಲ್ಲಿ ವ್ಯಾಕ್ಯೂಮ್ ಯಂತ್ರ ಎಲ್ಲಿ ಹುಡುಕುವುದು?

ವೇಮಗಲ್_ಗ್ಯಾರೇಜು:
ಒತ್ತಡ ಇಳಿಸಿಕೊಂಡರೆ ನನ್ನ ತಕರಾರಿಲ್ಲ. ಇಳಿಸಿಕೊಳ್ಳುವವರನ್ನು ನಾನು ಕಂಡಿಲ್ಲ, ಅಷ್ಟೇ.

ರೇಷ್ಮೆ_ಗೂಡು (ಶಿಡ್ಲಘಟ್ಟ):
ನಮ್ಮ ಕಾರನ್ನು ಹುಳು ಸಾಕುವ ಮನೆಯ ಪಕ್ಕದ ಚಪ್ಪರದಡಿ ನಿಲ್ಲಿಸುತ್ತೇವೆ. ಟ್ಯೂಬು ಕಳಚಿ ನೋಡಿದರೆ ಧೂಳಲ್ಲ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಬಿರಡೆಯ ಹಾಗೆ ಕುಳಿತಿತ್ತು. ಕಾರನ್ನು ಬಹಳ ದಿನ ಓಡಿಸದೆ ನಿಲ್ಲಿಸುವವರು ಇದನ್ನೂ ನೆನಪಿಡಿ.

ಗುಬ್ಬಿ_ತಿರುವು:
ಟ್ಯೂಬಿನ ತುದಿಯಲ್ಲಿ ಸೀಳು ಬಿಟ್ಟಿರುವ ಚಪ್ಪಟೆ ರಬ್ಬರ್ ಮೂತಿ ಕೆಲವು ಕಾರುಗಳಲ್ಲಿದೆ. ಕೊಳೆ ಸಿಕ್ಕಿಕೊಳ್ಳುವುದು ಅಲ್ಲಿಯೇ. ಅದನ್ನು ಕತ್ತರಿಸಿ ಎಸೆದರೆ ಈ ಜನ್ಮದಲ್ಲಿ ಮತ್ತೆ ಕಟ್ಟಿಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ರೇಷ್ಮೆ_ಗೂಡು:
ಕತ್ತರಿಸಿ ನೋಡಿ, ಕುಂಬಾರ ಹುಳಕ್ಕೆ ಬಾಗಿಲು ತೆರೆದಿಟ್ಟಂತೆ ಆಗುತ್ತದೆ. ಆ ಮೂತಿ ಇರುವುದೇ ಹುಳ, ಕೆಸರು ಮತ್ತು ಎಂಜಿನ್ ಕಡೆಯ ಬಿಸಿ ಗಾಳಿ ಒಳಗೆ ಬಾರದಿರಲೆಂದು. ಎರಡು ಬೆರಳಿನಲ್ಲಿ ಹಿಸುಕಿ ಸೀಳನ್ನು ಬಿಡಿಸಿದರೆ ಸಾಕು.

ಕ್ಯಾತ್ಸಂದ್ರ_ಟೋಲ್ (ತುಮಕೂರು):
ಹೊಸ ಕಾರಿಗೂ ಈ ತೊಂದರೆ ಬರುವ ದಾರಿಯೊಂದನ್ನು ಯಾರೂ ಹೇಳಿಲ್ಲ. ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಕಪ್ಪು ಲೇಪ ಹೊಡೆಸುತ್ತೇವಲ್ಲ, ಹೊಡೆಯುವವರು ಟ್ಯೂಬಿನ ಬಾಯಿಗೆ ಕಾಗದ ಅಂಟಿಸದೆ ಅದರ ಮೇಲೂ ಹೊಡೆದರೆ ಆ ಲೇಪವೇ ಬಾಯಿಯನ್ನು ಮುಚ್ಚಿಬಿಡುತ್ತದೆ. ಲೇಪ ಮಾಡಿಸಿಕೊಂಡು ಬಂದ ದಿನವೇ ಬಗ್ಗಿ ನೋಡುವುದು ಒಳ್ಳೆಯದು.

ನರಸಾಪುರ_ಪಾಳಿ:
ಬಗ್ಗಿ ನೋಡಿ, ಆದರೆ ಬರಿಯ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬೇಡಿ. ಕಾರಿನೊಡನೆ ಕೊಡುವ ಜಾಕ್ ಟೈರು ಬದಲಾಯಿಸುವುದಕ್ಕೆ ಮಾತ್ರ, ಅದು ಜಾರಿದರೆ ಕೂಗಲೂ ಸಮಯವಿರುವುದಿಲ್ಲ. ವಾಟರ್ ಸರ್ವಿಸ್‌ನವರ ರ್‍ಯಾಂಪ್ ಮೇಲೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸೈಲೆನ್ಸರ್ ಕೊಳವೆ ಆರಿದ ಮೇಲೆ ಕೈಹಾಕಿ.

ಅಂತರಗಂಗೆ_ತಪ್ಪಲು:
ಬೆಳಿಗ್ಗೆ ರ್‍ಯಾಂಪ್ ಮೇಲೆ ಹತ್ತಿಸಿ, ವೇಮಗಲ್‌ನವರು ಹೇಳಿದಂತೆಯೇ ಎಳೆಸಿದೆ. ಒಂದು ಚೊಂಬಿಗೂ ಹೆಚ್ಚು ಕಂದು ನೀರು, ಅದರ ಹಿಂದೆಯೇ ಕಪ್ಪು ಲೋಳೆ ಬಂತು. ಈಗ ಎಸಿ ಹಾಕಿದರೆ ಕೆಳಗೆ ಟಪಟಪ ಬೀಳುತ್ತಿದೆ. ಕಾರ್ಪೆಟ್ ಮೇಲೆ ಕೈಯಾಡಿಸಿದರೆ ಒಣಗಿದೆ, ಆದರೆ ಮುಗ್ಗಲು ವಾಸನೆ ಹೋಗುತ್ತಿಲ್ಲ. ಸುಗಂಧದ ಡಬ್ಬಿ ಇಟ್ಟರೆ ಸಾಕೇ?

ಟಮಕ_ಕೂಲಿಂಗ್:
ಸಾಲದು. ಹೆಚ್ಚಿನವರು ನಿಲ್ಲಿಸಿಬಿಡುವುದು ಇಲ್ಲಿಯೇ, ಹಾಳಾಗುವುದೂ ಇಲ್ಲಿಂದಲೇ. ಕಾರ್ಪೆಟ್ ಮೇಲೆ ಕೈಯಾಡಿಸಿದರೆ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ಸದ್ದು ತಡೆಯಲೆಂದು ದಪ್ಪನೆಯ ಫೋಮೋ ಹತ್ತಿಯ ಹಾಸೋ ಇರುತ್ತದೆ, ಅದು ಕುಡಿದ ನೀರು ಮೇಲ್ಭಾಗ ಒಣಗಿದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಅದರಡಿಯ ತಗಡಿಗೆ ತುಕ್ಕು ಹಿಡಿಯುತ್ತದೆ, ಅಲ್ಲಿ ಹಾದುಹೋಗುವ ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ಸಂಬಂಧವೇ ಇಲ್ಲದ ದೀಪಗಳು ಮೀಟರಿನಲ್ಲಿ ಉರಿಯತೊಡಗುತ್ತವೆ. ಬೆಳಿಗ್ಗೆ ಹೊರಡುವಾಗ ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿಯುತ್ತಿದ್ದರೆ ಕೆಳಗೆ ಇನ್ನೂ ನೀರಿದೆ ಎಂದೇ ಅರ್ಥ.

ಬಾಗಿಲ ಅಂಚಿನ ಪ್ಲಾಸ್ಟಿಕ್ ಪಟ್ಟಿಯನ್ನು ಬಿಡಿಸಿ, ಕಾರ್ಪೆಟಿನ ಮೂಲೆಯನ್ನು ಎತ್ತಿ, ಕೆಳಗಿನ ಹಾಸನ್ನು ಹಿಂಡಿ ನೋಡಿ. ನೀರು ಬಂದರೆ ವ್ಯಾಕ್ಯೂಮಿನಿಂದ ಎಳೆಸಿ, ಕೆಳಗೆ ಮರದ ತುಂಡು ಕೊಟ್ಟು ಎತ್ತಿಟ್ಟು, ಬಾಗಿಲುಗಳನ್ನು ತೆರೆದು ಬಿಸಿಲಿಗೆ ನಿಲ್ಲಿಸಿ. ನಮ್ಮ ಕೋಲಾರದ ಬಿಸಿಲು ಇಂಥದಕ್ಕಾದರೂ ಉಪಯೋಗವಾಗಲಿ. ಬಿಸಿಲಿಲ್ಲದ ದಿನ ಫ್ಯಾನ್ ಇಡಿ. ಸೀಟು ಬಿಚ್ಚಬೇಕಾಗಿ ಬಂದರೆ ಮಾತ್ರ ಎಚ್ಚರಿಕೆ: ಅದರ ಕೆಳಗಿನ ಹಳದಿ ಬಣ್ಣದ ಜೋಡಣೆಗಳು ಏರ್‌ಬ್ಯಾಗಿಗೋ ಬೆಲ್ಟಿಗೋ ಸೇರಿದವು. ಕಾರು ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ಕಳಚಿ, ಕೆಲವು ನಿಮಿಷ ಬಿಟ್ಟ ಮೇಲಷ್ಟೇ ಅವನ್ನು ಬಿಚ್ಚಬೇಕು. ಅಭ್ಯಾಸವಿಲ್ಲದವರು ಗ್ಯಾರೇಜಿನವರಿಗೇ ಬಿಡಿ.

ಗೌರಿಬಿದನೂರು_ಎಲೆಕ್ಟ್ರಿಕ್:
ಎಲೆಕ್ಟ್ರಿಕ್ ಕಾರುಗಳಿಗೂ ಇದೇ ಟ್ಯೂಬು ಇರುತ್ತದೆಯೇ?

ವೇಮಗಲ್_ಗ್ಯಾರೇಜು:
ಇರುತ್ತದೆ, ಗಾಳಿ ತಣಿದರೆ ನೀರು ಬರಲೇಬೇಕು. ಕೆಳಗಿನ ಹೊದಿಕೆಯಿಂದಾಗಿ ತುದಿ ಕಾಣಿಸದಿರಬಹುದು. ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈಹಾಕದೆ ತರಬೇತಿ ಪಡೆದವರಿಗೆ ಒಪ್ಪಿಸಿ.

ಸುಲ್ತಾನ್‌ಪೇಟೆ_ದಾರಿ (ಚಿಕ್ಕಬಳ್ಳಾಪುರ):
ಧೂಳು ಕಾಯಿಲ್‌ವರೆಗೆ ಬರುವುದೇ ಏಕೆ ಎಂದು ಯಾರೂ ಕೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಜಲ್ಲಿ ಕ್ರಷರುಗಳ ಟಿಪ್ಪರ್ ಹಿಂದೆ ಹೋಗುವವರು ಕ್ಯಾಬಿನ್ ಫಿಲ್ಟರನ್ನು ಒಮ್ಮೆ ತೆಗೆದು ನೋಡಬೇಕು. ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುವ ಅದನ್ನು ತೆಗೆಯಲು ಸ್ಕ್ರೂಡ್ರೈವರೂ ಬೇಕಾಗುವುದಿಲ್ಲ. ಕೆಲವು ಹಳೆಯ ಅಗ್ಗದ ಮಾದರಿಗಳಲ್ಲಿ ಜಾಗ ಮಾತ್ರವಿದ್ದು ಫಿಲ್ಟರೇ ಇರುವುದಿಲ್ಲ. ಹಾಗಿದ್ದರೆ ಧೂಳೆಲ್ಲ ಒದ್ದೆ ಕಾಯಿಲಿಗೆ ಅಂಟಿ, ಕೆಸರಾಗಿ, ಟ್ಯೂಬಿಗೆ ಇಳಿಯುತ್ತದೆ. ಕೈಪಿಡಿಯಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ನಾನು ಬದಲಾಯಿಸುತ್ತೇನೆ.

ಪಾವಗಡ_ಬಿಸಿಲು:
ಬದಲಾಯಿಸುವುದೇಕೆ, ತೊಳೆದು ಹಾಕಿದರಾಯಿತು.

ಸುಲ್ತಾನ್‌ಪೇಟೆ_ದಾರಿ:
ಕಾಗದದ ಫಿಲ್ಟರ್ ತೊಳೆದರೆ ಅದರ ನಾರು ಹರಿದು ಧೂಳನ್ನು ತಡೆಯುವುದಿಲ್ಲ. ಹೆಚ್ಚೆಂದರೆ ತಟ್ಟಿ ಕೊಡವಿ ಒಂದು ತಿಂಗಳು ಮುಂದೂಡಬಹುದು.

ಚಿಂತಾಮಣಿ_ಮೇಷ್ಟ್ರು:
ವಾಸನೆಯ ವಿಷಯಕ್ಕೆ ಒಂದು ಮಾತು. ಊರು ತಲುಪುವ ಐದು ನಿಮಿಷ ಮೊದಲು ಎಸಿ ಗುಂಡಿಯನ್ನು ಮಾತ್ರ ಆರಿಸಿ, ಹೊರಗಿನ ಗಾಳಿಗೆ ತಿರುಗಿಸಿ, ಬ್ಲೋವರನ್ನು ಹಾಗೆಯೇ ಬಿಟ್ಟರೆ ಕಾಯಿಲ್ ಬಹುಮಟ್ಟಿಗೆ ಒಣಗುತ್ತದೆ, ಬೂಷ್ಟು ಬೆಳೆಯುವುದು ಕಡಿಮೆಯಾಗುತ್ತದೆ. ನಮ್ಮ ಕಡೆಯ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಫಲ ಕೊಡುತ್ತದೆ. ಮಂಗಳೂರಿನ ಮಳೆಯಲ್ಲಿ ಅಷ್ಟು ನಿರೀಕ್ಷಿಸಬೇಡಿ.

ಟಮಕ_ಕೂಲಿಂಗ್:
ಕಾಯಿಲ್ ತೊಳೆಯುವ ನೊರೆಯ ಸ್ಪ್ರೇಯನ್ನು ಬಳಸುವುದಾದರೆ ಟ್ಯೂಬು ತೆರೆದಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಬಳಸಿ. ಕಟ್ಟಿಕೊಂಡಿರುವಾಗ ಹೊಡೆದರೆ ಆ ನೊರೆಯೂ ಕಾರ್ಪೆಟಿಗೇ ಬರುತ್ತದೆ.

ಗುಬ್ಬಿ_ತಿರುವು:
ಒಟ್ಟಿನಲ್ಲಿ ಮೆಕ್ಯಾನಿಕ್‌ಗಳನ್ನು ನಂಬಬಾರದು ಎಂದಾಯಿತು.

ವೇಮಗಲ್_ಗ್ಯಾರೇಜು:
ಹಾಗೆಂದರೆ ನನಗೆ ಬೇಸರವಾಗುತ್ತದೆ. ಟ್ಯೂಬು ಬಿಡಿಸಿಕೊಡಲು ಹತ್ತು ನಿಮಿಷ ಸಾಕು, ಆದರೆ ನೀರು ಎಲ್ಲಿಂದ ಬಂತೆಂದು ಹುಡುಕಲು ಒಂದು ಗಂಟೆ ಹಿಡಿಯುತ್ತದೆ, ಆ ಒಂದು ಗಂಟೆಗೆ ಹಣ ಕೇಳಿದರೆ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ಸಾಮಾನು ಬದಲಾಯಿಸಿದರೆ ಮಾತ್ರ ದುಡ್ಡು ಕೊಡುತ್ತೇವೆ ಎಂದರೆ ಕೆಲವರು ಸಾಮಾನನ್ನೇ ಬದಲಾಯಿಸುತ್ತಾರೆ. ಇನ್ನೊಂದು ವಿಷಯವನ್ನೂ ಹೇಳಬೇಕು: ಗ್ಯಾಸ್ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ, ನಿಲ್ಲಿಸಿದ ಮೇಲೆ ಅದು ಒಮ್ಮೆಲೇ ಕರಗಿ ಚೆಲ್ಲುವುದೂ ಉಂಟು. ಆಗ ಗಾಳಿಯ ರಭಸವೇ ಕುಗ್ಗಿರುತ್ತದೆ. ಕೋಲಾರದವರಿಗೆ ಆ ಲಕ್ಷಣವಿರಲಿಲ್ಲ, ಆದರೆ ಗ್ಯಾಸಿಗೂ ನೀರಿಗೂ ಎಂದಿಗೂ ಸಂಬಂಧವಿಲ್ಲ ಎಂದು ಬರೆದುಕೊಳ್ಳಬೇಡಿ.

ಟಮಕ_ಕೂಲಿಂಗ್:
ಈ ಸೇರ್ಪಡೆ ಸರಿಯಾಗಿದೆ. ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟರೂ ಹಾಗೆಯೇ ಮಂಜುಗಡ್ಡೆ ಕಟ್ಟುತ್ತದೆ.

ಕಲ್ಪತರು_ನಾಡು (ತಿಪಟೂರು):
ನನ್ನದು ಸನ್‌ರೂಫ್ ಇರುವ ಕಾರು. ಎಸಿ ಹಾಕದಿದ್ದರೂ ಮಳೆ ಬಂದ ಮರುದಿನ ಚಾಲಕನ ಕಾಲ ಬಳಿ ಒದ್ದೆಯಾಗಿರುತ್ತದೆ. ಇದೂ ಅದೇ ಟ್ಯೂಬೇ?

ಕ್ಯಾತ್ಸಂದ್ರ_ಟೋಲ್:
ಅಲ್ಲ. ಸನ್‌ರೂಫಿನ ಸುತ್ತ ನೀರು ಹಿಡಿಯುವ ತೊಟ್ಟಿಯ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳ ಒಳಗೆ ಇಳಿಯುತ್ತವೆ. ಮುಂದಿನ ಬಲಮೂಲೆಯ ತೂತಿಗೆ ಅರ್ಧ ಲೋಟ ನೀರನ್ನು ನಿಧಾನವಾಗಿ ಬಿಟ್ಟು, ಮುಂಚಕ್ರದ ಬಳಿಯೋ ಬಾಗಿಲ ಕೀಲಿನ ಬಳಿಯೋ ಹೊರಗೆ ಬೀಳುತ್ತದೆಯೇ ನೋಡಿ. ತೊಟ್ಟಿಯಲ್ಲೇ ನಿಂತರೆ ಅದೇ ನೈಲಾನ್ ದಾರವನ್ನು ಮೇಲಿನಿಂದ ಮೆಲ್ಲಗೆ ತೂರಿಸಿ. ಇಲ್ಲಿಯಂತೂ ಕಂಪ್ರೆಸರ್ ಗಾಳಿ ಬೇಡವೇ ಬೇಡ, ಕೊಳವೆ ಕಂಬದೊಳಗೆ ಕಳಚಿದರೆ ಮತ್ತೆ ಜೋಡಿಸಲು ಒಳಚಾವಣಿಯನ್ನೇ ಇಳಿಸಬೇಕಾಗುತ್ತದೆ.